ಗದರುವ ದನಿ, ನಯದ ಕಾಗದ

ಜರ್ಮನಿಯ ದಂಡ ಸಂಹಿತೆಯಲ್ಲಿ 185ನೆಯ ಕಲಮು ಎಂದು ಒಂದಿದೆ. ಇನ್ನೊಬ್ಬರನ್ನು ಅವಮಾನಿಸುವುದು ಅಪರಾಧ, ಅದಕ್ಕೆ ಜುಲ್ಮಾನೆ ಅಥವಾ ಒಂದು ವರ್ಷದವರೆಗೆ ಜೈಲು ಎಂದು ಅದು ಹೇಳುತ್ತದೆ. ಪುಸ್ತಕದಲ್ಲಷ್ಟೇ ಉಳಿದ ಕಾನೂನಲ್ಲ ಇದು. ರಸ್ತೆಯಲ್ಲಿ ಸಿಟ್ಟು ನೆತ್ತಿಗೇರಿ ಎದುರಿನವರಿಗೆ ನಡುಬೆರಳು ತೋರಿಸಿದವರು ಕೋರ್ಟಿನ ಮೆಟ್ಟಿಲು ಹತ್ತಿ ದೊಡ್ಡ ಮೊತ್ತ ತೆತ್ತು ಬಂದಿದ್ದಾರೆ. ಪೊಲೀಸರನ್ನು ಏಕವಚನದಲ್ಲಿ ಮಾತನಾಡಿಸಿದ್ದು ಅವಮಾನವೇ ಅಲ್ಲವೇ ಎಂಬ ಪ್ರಶ್ನೆ ನ್ಯಾಯಾಧೀಶರ ಮುಂದೆ ಹೋಗಿದೆ. ಮನುಷ್ಯನ ಮಾನವನ್ನು ಇಷ್ಟು ಜೋಪಾನ ಮಾಡುವ ದೇಶಕ್ಕೆ ಹೋಗಿ ಬಂದವರಲ್ಲಿ ಎಷ್ಟೋ ಜನ, 'ದೇಶವೇನೋ ಚೆನ್ನಾಗಿದೆ, ಜನ ಮಾತ್ರ ಸಿಡುಕರು' ಎನ್ನುತ್ತಾರೆ. ಈ ಎರಡೂ ಒಂದೇ ದೇಶದ ಮಾತಾಗಿರುವುದು ಹೇಗೆ ಎಂಬುದೇ ಈ ಹೊತ್ತಿನ ನನ್ನ ವಿಷಯ.

ಗಂಡನ ಕೆಲಸದ ಕಾರಣ ಕೆಲವು ವರ್ಷ ನಾನು ಸ್ಟುಟ್‌ಗಾರ್ಟ್‌ನಲ್ಲಿ ಸಂಸಾರ ಮಾಡಿದವಳು. ಈಗ ಬೆಂಗಳೂರಿನಲ್ಲಿ, ಅಲ್ಲಿಗೆ ಓದಲು ಹೊರಡುವ ಹುಡುಗ ಹುಡುಗಿಯರಿಗೆ ಜರ್ಮನ್ ಹೇಳಿಕೊಡುತ್ತೇನೆ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಸುಮಾರು 49 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ಅಲ್ಲಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ನಮ್ಮವರದೇ ದೊಡ್ಡ ಗುಂಪು. ಮಕ್ಕಳು ನೆಲೆಯೂರಿದ ಮೇಲೆ ದಾವಣಗೆರೆಯಿಂದ, ಶಿವಮೊಗ್ಗದಿಂದ, ಹುಬ್ಬಳ್ಳಿಯಿಂದ ತಂದೆ ತಾಯಿ ಮೂರು ತಿಂಗಳ ವೀಸಾದಲ್ಲಿ ಹೋಗಿ ಬರುತ್ತಾರೆ. ಹೋಗಿ ಬಂದವರು ನನ್ನ ಮುಂದೆ ಕೂತು ಮನಸ್ಸಿಗಾದ ನೋವನ್ನು ಹೇಳಿಕೊಳ್ಳುತ್ತಾರೆ. ಅವರ ನೋವು ಸುಳ್ಳಲ್ಲ. ನಮ್ಮವರಿಗೆ ಮಾತ್ರ ಆಗುವುದೂ ಅಲ್ಲ. ಹೊರದೇಶಗಳಲ್ಲಿ ಬದುಕುವವರ ಅನುಭವವನ್ನು ವರ್ಷವರ್ಷವೂ ಕೇಳುವ ಇಂಟರ್‌ನೇಷನ್ಸ್ ಸಂಸ್ಥೆಯ 2023ರ ಸಮೀಕ್ಷೆಯಲ್ಲಿ 53 ದೇಶಗಳ ಪೈಕಿ ಜರ್ಮನಿಗೆ ಸಿಕ್ಕಿದ್ದು 49ನೆಯ ಸ್ಥಾನ. ಜರ್ಮನ್ನರೇ 1990ರ ದಶಕದಲ್ಲಿ ತಮ್ಮ ನಾಡನ್ನು 'ಸೇವೆಯ ಮರುಭೂಮಿ' ಎಂದು ಕರೆದುಕೊಂಡರು. 2006ರಲ್ಲಿ ವಿಶ್ವಕಪ್ ಫುಟ್‌ಬಾಲ್ ಅಲ್ಲಿ ನಡೆದಾಗ, ಬರುವ ಅತಿಥಿಗಳನ್ನು ಸ್ವಲ್ಪ ಹಸನ್ಮುಖದಿಂದ ಕಾಣಿರಪ್ಪಾ ಎಂದು ಅಲ್ಲಿನ ಪ್ರವಾಸೋದ್ಯಮ ಮಂಡಳಿ ದೇಶದಾದ್ಯಂತ ಪ್ರಚಾರವನ್ನೇ ಹಮ್ಮಿಕೊಂಡಿತ್ತು.

ಹೋದವರಿಗೆ ಮೊದಲ ಪೆಟ್ಟು ಬೀಳುವುದು ಸಾಮಾನ್ಯವಾಗಿ ಅಂಗಡಿಯಲ್ಲಿ. ಆಲ್ಡಿಯಂಥ ಅಗ್ಗದ ಅಂಗಡಿಗಳ ಬಿಲ್ಲಿಂಗ್ ಕೌಂಟರನ್ನು ನೆನೆಸಿಕೊಳ್ಳಿ. ಸಾಮಾನು ಸಾಗುವ ಪಟ್ಟಿಯ ಮೇಲೆ ನಿಮ್ಮ ಹಾಲು, ಬ್ರೆಡ್ಡು, ಆಲೂಗಡ್ಡೆ ಇಡುತ್ತೀರಿ. ಮುಂದೆ ನಿಂತವರು ಮಾತಿಲ್ಲದೆ ತಮ್ಮ ಸಾಮಾನಿನ ಕೊನೆಗೆ ಒಂದು ಉದ್ದನೆಯ ಪ್ಲಾಸ್ಟಿಕ್ ಪಟ್ಟಿಯನ್ನು ಅಡ್ಡಲಾಗಿ ಇಡುತ್ತಾರೆ, ನಿಮ್ಮದು ಅವರದು ಬೆರೆಯಬಾರದೆಂದು. ಕೌಂಟರಿನಲ್ಲಿ ಕೂತಾಕೆ ಒಂದು ನಮಸ್ಕಾರ ಹೇಳಿ ಸಾಮಾನನ್ನು ಸರಸರನೆ ದಾಟಿಸತೊಡಗುತ್ತಾಳೆ. ನೀವು ಮೊದಲನೆಯದನ್ನು ಚೀಲಕ್ಕೆ ಹಾಕುವುದರೊಳಗೆ ಹತ್ತನೆಯದು ಬಂದು ರಾಶಿ ಬಿದ್ದಿರುತ್ತದೆ. ದುಡ್ಡು ಹೇಳುತ್ತಾಳೆ, ಕೈ ಚಾಚುತ್ತಾಳೆ, ಆಗಲೇ ಅವಳ ಕಣ್ಣು ಮುಂದಿನವರ ಮೇಲೆ. ಹಿಂದೆ ನಿಂತವರು ನಿಟ್ಟುಸಿರು ಬಿಡುತ್ತಾರೆ. ನಮ್ಮ ಅಮ್ಮಂದಿರಿಗೆ ಇದು ದೊಡ್ಡ ಅಪಮಾನ. ನಾವೇನು ಕದಿಯಲು ಬಂದವರೇ, ಒಂದು ನಿಮಿಷ ತಾಳ್ಮೆ ಬೇಡವೇ ಎಂದು ಬೇಸರಪಡುತ್ತಾರೆ. ಸಾಮಾನನ್ನು ಹಾಗೇ ಗಾಡಿಗೆ ತುಂಬಿಕೊಂಡು, ಗೋಡೆಯ ಪಕ್ಕದ ಹಲಗೆಯ ಮೇಲೆ ಇಟ್ಟು ಸಾವಕಾಶವಾಗಿ ಚೀಲಕ್ಕೆ ಹಾಕಿಕೊಳ್ಳುವುದು ಅಲ್ಲಿನ ಕ್ರಮ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿರುತ್ತಾರೆ.

ಅಮೆರಿಕದ ವಾಲ್‌ಮಾರ್ಟ್ ಕಂಪನಿ 1997ರಲ್ಲಿ ಜರ್ಮನಿಗೆ ಕಾಲಿಟ್ಟಿತು. ತನ್ನ ದೇಶದ ಪದ್ಧತಿಯನ್ನೇ ತಂದಿತು. ಬಾಗಿಲಲ್ಲಿ ನಿಂತು ಸ್ವಾಗತಿಸುವವರು, ನಗುಮುಖದ ಸಿಬ್ಬಂದಿ, ಗಿರಾಕಿಯ ಚೀಲವನ್ನು ತಾವೇ ತುಂಬಿಕೊಡುವ ಸೇವೆ. ಜರ್ಮನ್ ಗಿರಾಕಿಗಳಿಗೆ ಇದು ಹಿತವೆನಿಸಲಿಲ್ಲ. ಗುರುತಿಲ್ಲದವರು ಕಾರಣವಿಲ್ಲದೆ ಯಾಕೆ ನಗುತ್ತಾರೆ, ನನ್ನ ಸಾಮಾನನ್ನು ಯಾಕೆ ಮುಟ್ಟುತ್ತಾರೆ ಎಂದು ಮುಜುಗರಪಟ್ಟರು. 2006ರಲ್ಲಿ ಕಂಪನಿ ತನ್ನ 85 ಮಳಿಗೆಗಳನ್ನು ಮೆಟ್ರೋ ಎಂಬ ಜರ್ಮನ್ ವ್ಯಾಪಾರ ಸಂಸ್ಥೆಗೆ ಮಾರಿ ಹೊರಟುಹೋಯಿತು. ನಗುವಿನಿಂದಲೇ ಮುಳುಗಿತು ಎನ್ನುವುದು ಸರಿಯಲ್ಲ, ಆಲ್ಡಿ, ಲಿಡ್ಲ್‌ನಂಥ ಅಗ್ಗದ ಅಂಗಡಿಗಳ ಬೆಲೆಯ ಮುಂದೆ ಅದಕ್ಕೆ ನಿಲ್ಲಲಾಗಲಿಲ್ಲ, ಕಾರ್ಮಿಕ ಸಂಘಗಳೊಡನೆಯೂ ಹೊಂದಲಿಲ್ಲ. ಆದರೂ ಸೇವೆಯ ಬಗ್ಗೆ ಎರಡು ದೇಶಗಳ ಕಲ್ಪನೆ ಎಷ್ಟು ದೂರ ಎಂಬುದು ಆಗ ಎಲ್ಲರಿಗೂ ಕಂಡಿತು.

ಕೌಂಟರಿನಲ್ಲಿ 'ಕೂತಾಕೆ' ಎಂದೆನಲ್ಲ, ಆ ಮಾತನ್ನು ಬೇಕೆಂದೇ ಹೇಳಿದೆ. ಜರ್ಮನಿಯಲ್ಲಿ ಬಿಲ್ ಮಾಡುವವರು ಕುರ್ಚಿಯಲ್ಲಿ ಕೂತೇ ಕೆಲಸ ಮಾಡುತ್ತಾರೆ. ನಮ್ಮ ಬಟ್ಟೆ ಅಂಗಡಿಗಳಲ್ಲಿ, ಮಾಲ್‌ಗಳಲ್ಲಿ ಹೆಣ್ಣುಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುತ್ತಾರೆ, ನಗುತ್ತಲೂ ಇರುತ್ತಾರೆ. ಅವರು ಕೂರಬಹುದು ಎಂದು ಹೇಳಲು ಕೇರಳಕ್ಕೆ 2018ರಲ್ಲಿ, ತಮಿಳುನಾಡಿಗೆ 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ನನಗೆ ನಗದೆ ಕೂತ ಆ ಹೆಂಗಸಿನ ಬಗ್ಗೆ ಗೌರವ ಹೆಚ್ಚು. ಅವಳು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡುತ್ತಾಳೆ, ಚಿಲ್ಲರೆ ಸರಿಯಾಗಿ ಕೊಡುತ್ತಾಳೆ, ತನ್ನ ಮುಖವನ್ನು ಮಾತ್ರ ಯಾರಿಗೂ ಮಾರಿಲ್ಲ. ಹೋಟೆಲಿನ ಮಾಣಿಯೂ ಹಾಗೆಯೇ. 2015ರಿಂದ ಅಲ್ಲಿ ಕನಿಷ್ಠ ಕೂಲಿ ಕಾನೂನಿದೆ. ಅಮೆರಿಕದಲ್ಲಿರುವಂತೆ ಗಿರಾಕಿಯ ಟಿಪ್ಸಿನ ಮೇಲೆಯೇ ಅವನ ಮನೆ ನಡೆಯಬೇಕಾಗಿಲ್ಲ. ಆದರೆ ಕೂತ ತಕ್ಷಣ ಮೇಜಿನ ಮೇಲೆ ನೀರಿನ ಲೋಟ ಬಾರದಿರುವುದು, ನೀರಿಗೂ ದುಡ್ಡು ಕೇಳುವುದು, ಇದಕ್ಕೆ ಮಾತ್ರ ನಮ್ಮ ಮನಸ್ಸು ಎಷ್ಟು ವರ್ಷವಾದರೂ ಒಗ್ಗುವುದಿಲ್ಲ. ಬಂದವರಿಗೆ ಮೊದಲು ನೀರು ಕೊಡುವ ನಾಡಿನಿಂದ ಹೋದವರು ನಾವು.

ಇನ್ನು ಬೀದಿಗೆ ಬರೋಣ. ಪಾದಚಾರಿ ದಾರಿಯ ಪಕ್ಕದಲ್ಲೇ, ಎಷ್ಟೋ ಊರುಗಳಲ್ಲಿ ಕೆಂಪು ಹಾಸಿನ ಸೈಕಲ್ ದಾರಿ ಇರುತ್ತದೆ. ಗೊತ್ತಿಲ್ಲದೆ ಅದರ ಮೇಲೆ ನಡೆದರೆ ಹಿಂದಿನಿಂದ ಗಂಟೆ, ಅದರ ಹಿಂದೆಯೇ ಬೈಗುಳದಂಥ ಒಂದು ಕೂಗು. ಕೆಂಪು ದೀಪವಿದ್ದಾಗ, ರಸ್ತೆಯಲ್ಲಿ ಒಂದು ಕಾರೂ ಇಲ್ಲದಿದ್ದರೂ, ದಾಟಿದಿರೋ ಆಚೆ ಬದಿಯ ಅಜ್ಜಿ ಗದರುತ್ತಾಳೆ: ಮಕ್ಕಳು ನೋಡುತ್ತಿವೆ! ಹಸಿರು ಬಂದಾಗ ಮಾತ್ರ ದಾಟಿ, ಮಕ್ಕಳಿಗೆ ಮಾದರಿಯಾಗಿರಿ ಎಂಬ ಫಲಕ ಕೆಲವು ಸಿಗ್ನಲ್ ಕಂಬಗಳ ಮೇಲೆಯೇ ಇರುತ್ತದೆ. ಊರೊಳಗಿನ ರೈಲಿಗೆ ಟಿಕೆಟ್ ಕೊಂಡು, ಅದನ್ನು ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕೆಂದು ತಿಳಿಯದೆ ಕೂತವರಿಗೆ ಮಫ್ತಿಯಲ್ಲಿ ಬಂದ ತಪಾಸಕರು 60 ಯೂರೋ ದಂಡ ಹಾಕುತ್ತಾರೆ. ಹೊಸಬರು, ವಯಸ್ಸಾದವರು ಎಂಬ ರಿಯಾಯಿತಿ ಇಲ್ಲ. ದೂರದ ರೈಲಿನಲ್ಲಿ ನಿಶ್ಶಬ್ದದ ಬೋಗಿ ಎಂದೇ ಇರುತ್ತದೆ. ಅಲ್ಲಿ ಕೂತು ಊರಿಗೆ ಫೋನು ಮಾಡಿ ಮೊಮ್ಮಗನ ಯೋಗಕ್ಷೇಮ ಹೇಳತೊಡಗಿದರೆ, ಎದುರಿನವರು ಪುಸ್ತಕದಿಂದ ಕಣ್ಣೆತ್ತಿ ಬೆರಳಿನಿಂದ ಗೋಡೆಯ ಚಿತ್ರವನ್ನು ತೋರಿಸುತ್ತಾರೆ. ಭಾನುವಾರ ಬೆಳಗ್ಗೆ ದೋಸೆಗೆ ರುಬ್ಬಲು ಮಿಕ್ಸಿ ಹಾಕಿದರೆ ಗೋಡೆ ಬಡಿಯುವ ಸದ್ದು ಕೇಳುತ್ತದೆ. ಭಾನುವಾರದ ವಿಶ್ರಾಂತಿ ಅಲ್ಲಿ ಬರೀ ರೂಢಿಯಲ್ಲ. 1919ರ ವೈಮರ್ ಸಂವಿಧಾನದಲ್ಲಿದ್ದ ಆ ಮಾತನ್ನು 1949ರ ಮೂಲ ಕಾಯ್ದೆಗೂ, ಅಂದರೆ ಈಗಿನ ಸಂವಿಧಾನಕ್ಕೂ, ಹಾಗೆಯೇ ತೆಗೆದುಕೊಂಡಿದ್ದಾರೆ. ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆ ಮನೆಗಳಲ್ಲಿ, ಒಂದೇ ಗೋಡೆಯ ಆಚೆ ಈಚೆ ಬದುಕುವ ದೇಶದಲ್ಲಿ ಸದ್ದಿನ ಲೆಕ್ಕ ಬಿಗಿಯಾಗಿರುವುದಕ್ಕೆ ಅರ್ಥವಿದೆ.

ಇಲ್ಲೆಲ್ಲ ನಮಗೆ ನೋವು ಕೊಡುವುದು ಒಂದೇ ಸಂಗತಿ. ಅಪರಿಚಿತರು ನಮ್ಮನ್ನು ತಿದ್ದುತ್ತಾರೆ, ಅದೂ ಎಲ್ಲರೆದುರಿಗೆ. ನಮ್ಮಲ್ಲಿ ತಿದ್ದುವ ಅಧಿಕಾರ ಮನೆಯ ಹಿರಿಯರಿಗೆ, ಮೇಷ್ಟರಿಗೆ, ಮೇಲಧಿಕಾರಿಗೆ. ದಾರಿಹೋಕರು ತಿದ್ದಿದರೆ, 'ಇವರು ಯಾರು ನನಗೆ ಹೇಳಲು?' ಎಂದು ರೇಗುತ್ತೇವೆ. ಅಲ್ಲಿ ನಿಯಮ ಎಲ್ಲರದು. ಆದ್ದರಿಂದ ಅದನ್ನು ನೆನಪಿಸುವ ಹಕ್ಕೂ ಎಲ್ಲರದು ಎಂದು ಜನ ನಂಬಿದ್ದಾರೆ.

ನಾವಿದ್ದ ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಕೆರ್‌ವೋಖೆ ಎಂಬ ಪದ್ಧತಿಯಿದೆ. ಕಟ್ಟಡದ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿಯನ್ನು ಬಾಡಿಗೆದಾರರು ವಾರಕ್ಕೊಂದು ಮನೆಯವರಂತೆ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲ ಹಿಡಿಗೆ ಒಂದು ಪುಟ್ಟ ಫಲಕ ನೇತಾಡುತ್ತಿರುತ್ತದೆ. ವಾರ ಮುಗಿದಾಗ ಅವರು ಅದನ್ನು ಪಕ್ಕದ ಮನೆಯ ಹಿಡಿಗೆ ತಗುಲಿಸುತ್ತಾರೆ. ನಮ್ಮ ಕೆಳಗಿನ ಮಹಡಿಯಲ್ಲಿ ನಿವೃತ್ತಿಯಾದ ಒಬ್ಬ ಹೆಂಗಸಿದ್ದರು. ಒಂದು ಶನಿವಾರ ಮೇಲಿನ ಮನೆಯ ಜರ್ಮನ್ ಹುಡುಗ ಮೆಟ್ಟಿಲು ಒರೆಸಿ ಬಕೆಟ್ಟು ಎತ್ತಿಕೊಂಡು ಹೊರಟಿದ್ದ. ನಾನು ತರಕಾರಿ ಚೀಲ ಹಿಡಿದು ಅವನು ದಾರಿ ಬಿಡಲೆಂದು ನಿಂತಿದ್ದೆ. ಆ ಹೆಂಗಸು ಬಾಗಿಲು ತೆರೆದು ಹೊರಗೆ ಬಂದರು, ಬಗ್ಗಿ ಮೆಟ್ಟಿಲ ತಿರುವಿನ ಮೂಲೆಯನ್ನು ನೋಡಿದರು, ಹಿಡಿಗಂಬಿಯ ಅಡಿಯಲ್ಲಿ ಬೆರಳಾಡಿಸಿದರು. "ಮೂಲೆಯಲ್ಲಿ ಧೂಳು ಹಾಗೇ ಇದೆ. ಮೇಲಿನಿಂದ ಕೆಳಕ್ಕೆ ಒರೆಸಬೇಕು, ನೀವು ಕೆಳಗಿನಿಂದ ಶುರುಮಾಡಿದ್ದೀರಿ" ಎಂದರು. ಹುಡುಗ ಬಕೆಟ್ಟು ಕೆಳಗಿಟ್ಟ. "ಮೂಲೆಯದು ಸರಿ, ಬಿಟ್ಟುಹೋಗಿದೆ. ಮೇಲಿನಿಂದ ಕೆಳಕ್ಕೆ ಅಂತ ಎಲ್ಲೂ ಬರೆದಿಲ್ಲ, ಅದನ್ನು ನಾನು ಒಪ್ಪುವುದಿಲ್ಲ" ಎಂದ. ಮೂಲೆಯನ್ನು ಮತ್ತೆ ಒರೆಸಿದ. ಆಮೇಲೆ ಇಬ್ಬರೂ ಅಲ್ಲೇ ನಿಂತು, ಮುಂದಿನ ವಾರ ಹೀಟರಿನ ಮೀಟರ್ ಓದಲು ಬರುವವರಿಗೆ ಬಾಗಿಲು ತೆರೆಯುವವರು ಯಾರು ಎಂದು ಮಾತಾಡಿಕೊಂಡರು. ದನಿಯಲ್ಲಿ ಕಹಿ ಇರಲಿಲ್ಲ.

ನಮ್ಮ ಸರದಿ ಬಂದಾಗ ಆ ಹೆಂಗಸು ನನಗೂ ಅದನ್ನೇ ಹೇಳಿದರು, ಅದೇ ದನಿಯಲ್ಲಿ, ಬೆರಳನ್ನು ಹಾಗೆಯೇ ಆಡಿಸಿ. ಹುಡುಗನ ಪ್ರಸಂಗ ನೋಡಿರದಿದ್ದರೆ ಪರದೇಶದವಳೆಂದು ನನಗೆ ಹೀಗೆ ಎನ್ನುತ್ತಿದ್ದಾರೆ ಎಂದು ರಾತ್ರಿಯೆಲ್ಲ ಕೊರಗುತ್ತಿದ್ದೆನೋ ಏನೋ. ಅಂದಿನಿಂದ ನನಗೊಂದು ಅಳತೆಗೋಲು ಸಿಕ್ಕಿತು. ಈ ಮಾತನ್ನು ಇವರು ಇಲ್ಲಿನವರಿಗೂ ಇದೇ ದನಿಯಲ್ಲಿ ಹೇಳುತ್ತಾರೆಯೇ? ಹೌದಾದರೆ ಅದು ಮೆಟ್ಟಿಲಿನ ಧೂಳಿನ ಮಾತು, ನನ್ನ ಮಾತಲ್ಲ. ನನ್ನ ವಿದ್ಯಾರ್ಥಿಗಳಿಗೆ ವ್ಯಾಕರಣಕ್ಕಿಂತ ಮೊದಲು ನಾನು ಕೊಡುವುದು ಈ ಪ್ರಶ್ನೆಯನ್ನು.

ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಯೂಲಿಯಾನ ಹೌಸ್ ಅವರು ಜರ್ಮನ್ ಮತ್ತು ಇಂಗ್ಲಿಷ್ ಮಾತುಕತೆಗಳನ್ನು ಹೋಲಿಸಿ ದಶಕಗಳ ಕಾಲ ಅಧ್ಯಯನ ಮಾಡಿದವರು. ಜರ್ಮನ್ ಆಡುವವರು ಹೆಚ್ಚು ನೇರ, ಎದುರಿನ ವ್ಯಕ್ತಿಗಿಂತ ವಿಷಯದ ಕಡೆಗೇ ಅವರ ಗಮನ ಹೆಚ್ಚು, ಮಾತಿನ ಸಿದ್ಧ ಉಪಚಾರಗಳನ್ನು ಅವರು ಕಡಿಮೆ ಬಳಸುತ್ತಾರೆ ಎಂಬುದು ಅವರು ಕಂಡ ಸಂಗತಿ. ಇದಕ್ಕೊಂದು ಚರಿತ್ರೆಯೂ ಇದೆ. ನಾರ್ಬರ್ಟ್ ಎಲಿಯಾಸ್ ಎಂಬ ಸಮಾಜಶಾಸ್ತ್ರಜ್ಞರು ನಾಗರಿಕತೆ ಬೆಳೆದ ಬಗೆಯ ಮೇಲೆ 1939ರಲ್ಲಿ ಒಂದು ದೊಡ್ಡ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಅವರು ಹೇಳುವಂತೆ, ಹದಿನೆಂಟನೆಯ ಶತಮಾನದ ಜರ್ಮನ್ ಆಸ್ಥಾನಗಳಲ್ಲಿ ನಡೆಯುತ್ತಿದ್ದದ್ದು ಫ್ರೆಂಚ್ ಭಾಷೆ, ಫ್ರೆಂಚ್ ನಯನಾಜೂಕು. ಪ್ರಷ್ಯದ ದೊರೆ ಫ್ರೆಡರಿಕ್ ಜರ್ಮನ್ ಸಾಹಿತ್ಯದ ಬಗ್ಗೆ ಬರೆದದ್ದೂ ಫ್ರೆಂಚಿನಲ್ಲೇ. ಆ ಆಸ್ಥಾನಗಳ ಬಾಗಿಲು ಓದು ಬರಹ ಬಲ್ಲ ಮಧ್ಯಮ ವರ್ಗದವರಿಗೆ, ಪಾದ್ರಿಯ ಮಗನಿಗೆ, ಮೇಷ್ಟರಿಗೆ, ಗುಮಾಸ್ತನಿಗೆ ಮುಚ್ಚಿತ್ತು. ಹೊರಗೆ ನಿಂತ ಅವರು ಒಳಗಿನವರ ನಯವನ್ನು ಸೋಗು ಎಂದು ಕಂಡರು, ತಮ್ಮ ನೇರ ಮಾತನ್ನು, ಒಳಗಿದ್ದದ್ದನ್ನೇ ಹೊರಗೆ ಆಡುವುದನ್ನು ಗುಣವೆಂದು ಎತ್ತಿಹಿಡಿದರು. ಮುಂದೆ ದೇಶದ ಮನಸ್ಸನ್ನು ರೂಪಿಸಿದ್ದು ಆ ವರ್ಗವೇ. ನಯವಾದ ಮಾತು ಕೇಳಿದರೆ ಒಬ್ಬ ಜರ್ಮನ್ನನಿಗೆ ಇಂದಿಗೂ ಒಂದಿಷ್ಟು ಅನುಮಾನ ಹುಟ್ಟುವುದರ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಬರ್ಲಿನ್ನಿನಲ್ಲಿ ಪಾಠ ಹೇಳುತ್ತಿದ್ದ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಅಮೆರಿಕಕ್ಕೆ ಹೋದ ಮೇಲೆ, 1936ರಲ್ಲಿ, ಎರಡು ದೇಶಗಳ ಜನರನ್ನು ಹೋಲಿಸಿ ಒಂದು ಲೇಖನ ಬರೆದರು. ಮನುಷ್ಯನನ್ನು ಒಂದರೊಳಗೊಂದು ಇರುವ ವರ್ತುಲಗಳಂತೆ ಚಿತ್ರ ಬಿಡಿಸಿ ತೋರಿಸಿದರು. ಅಮೆರಿಕನ್ನರ ಹೊರಗಿನ ವರ್ತುಲಗಳನ್ನು ಯಾರು ಬೇಕಾದರೂ ಸುಲಭವಾಗಿ ದಾಟಬಹುದು, ಗಟ್ಟಿ ಗೋಡೆ ಇರುವುದು ತೀರ ಒಳಗೆ. ಜರ್ಮನ್ನರಲ್ಲಿ ಆ ಗೋಡೆ ಹೊರಗಡೆಯೇ ಎದುರಾಗುತ್ತದೆ, ಅದನ್ನು ದಾಟಿದವರಿಗೆ ಒಳಗೆ ತಡೆ ಕಡಿಮೆ. ಎಲಿಯಾಸ್, ಲೆವಿನ್ ಇಬ್ಬರೂ ಯಹೂದಿಗಳು, 1933ರಲ್ಲಿ ಹಿಟ್ಲರ್ ಬಂದಾಗ ಹುಟ್ಟಿ ಬೆಳೆದ ನಾಡನ್ನು ಬಿಟ್ಟು ಹೋಗಬೇಕಾದವರು. ಒಳಗನ್ನೂ ಹೊರಗನ್ನೂ ಕಂಡವರ ಮಾತು ಎಂದೇ ನಾನು ಅದಕ್ಕೆ ಬೆಲೆ ಕೊಡುತ್ತೇನೆ.

ಜರ್ಮನ್ನರೆಲ್ಲ ಒಂದೇ ಎಂದೂ ತಿಳಿಯಬಾರದು. ಬರ್ಲಿನ್ನಿನವರ ಕಟಕಿ ಬೇರೆ, ಮ್ಯೂನಿಕ್ಕಿನವರ ಗೊಣಗು ಬೇರೆ, ಕೊಲೋನಿನವರು ಮೊದಲ ಭೇಟಿಯಲ್ಲೇ ಮಾತಿಗೆ ಎಳೆಯುವವರು.

ಈಗ ಇನ್ನೊಂದು ಬದಿಯನ್ನೂ ನೋಡಬೇಕು. ನಾವು ಅವರಿಗೆ ಹೇಗೆ ಕಾಣುತ್ತೇವೆ? ವೈದ್ಯರ ಷಾಪಿನ ಕಾಯುವ ಕೋಣೆಗೆ ಒಬ್ಬರು ಬಂದರೆಂದರೆ, ಬಾಗಿಲಲ್ಲೇ ನಿಂತು ಅಲ್ಲಿ ಕೂತ ಅಷ್ಟೂ ಜನಕ್ಕೆ ಒಂದು 'ಗೂಟೆನ್ ಟಾಗ್' ಹೇಳುತ್ತಾರೆ. ಕೂತವರೆಲ್ಲ ತಲೆಯೆತ್ತಿ ಉತ್ತರಿಸುತ್ತಾರೆ. ಮತ್ತೆ ಮೌನ. ಒಳಗೆ ಕರೆ ಬಂದಾಗ, ಎದ್ದು ಹೋಗುವಾಗ, ಅಪರಿಚಿತರಿಗೂ ಒಂದು ವಿದಾಯ. ಲಿಫ್ಟಿನಲ್ಲಿಯೂ ಹೀಗೆಯೇ, ಸಣ್ಣ ಅಂಗಡಿಯಲ್ಲಿಯೂ ಹೀಗೆಯೇ. ನಮ್ಮ ಹಿರಿಯರು ಅಂಥ ಕೋಣೆಗೆ ಸಂಕೋಚದಿಂದ, ತಲೆ ತಗ್ಗಿಸಿ, ಯಾರಿಗೂ ತೊಂದರೆಯಾಗದಂತೆ ಹೋಗಿ ಮೂಲೆಯಲ್ಲಿ ಕೂರುತ್ತಾರೆ. ನಮ್ಮ ಕಣ್ಣಿಗೆ ಅದು ವಿನಯ. ಅಲ್ಲಿ ಕೂತವರ ಕಣ್ಣಿಗೆ, ಒಂದು ನಮಸ್ಕಾರಕ್ಕೂ ಗತಿಯಿಲ್ಲದ ಬಿಗುಮಾನದ ಜನ. ದಾರಿ ಕೇಳಿದಾಗ 'ಗೊತ್ತಿಲ್ಲ' ಎಂದು ನಡೆದುಬಿಡುವವರನ್ನು ನಾವು ಒರಟರು ಎನ್ನುತ್ತೇವೆ. ಗೊತ್ತಿಲ್ಲದಿದ್ದರೂ ಮನ ನೋಯಿಸಬಾರದೆಂದು 'ಮುಂದೆ ಹೋಗಿ ಎಡಕ್ಕೆ' ಎಂದು ಕೈ ತೋರಿಸುವ ನಮ್ಮ ಔದಾರ್ಯ ಅವರಿಗೆ ಅರ್ಥವಾಗುವುದೇ ಇಲ್ಲ. ಸಂಜೆ ಐದಕ್ಕೆ ಕರೆದರೆ ಐದಕ್ಕೇ ಬರುವುದು, ಹೇಳದೆ ಕೇಳದೆ ಯಾರ ಮನೆಗೂ ಹೋಗದಿರುವುದು, ಇನ್ನೊಬ್ಬರ ಸಮಯವನ್ನು ಮುಟ್ಟದಿರುವುದು, ಇವೆಲ್ಲ ಅಲ್ಲಿ ಪ್ರೀತಿಯ ಲೆಕ್ಕಕ್ಕೇ ಸೇರುತ್ತವೆ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಮಗಳ ಮನೆಗೆ ಹೋಗಿದ್ದ ಒಬ್ಬ ತಾತ ಪಾರ್ಕಿನಲ್ಲಿ ಯಾರದೋ ಮಗುವಿನ ಕೆನ್ನೆ ಸವರಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದರು. ತಾಯಿ ಓಡಿಬಂದು ಕೂಗಾಡಿದಳು, ಫೋಟೋ ಅಳಿಸುವವರೆಗೆ ಬಿಡಲಿಲ್ಲ. ಮೊಮ್ಮಗುವಿನ ಹಾಗೆ ಕಂಡಿತು ಅಷ್ಟೇ, ನನ್ನನ್ನು ಕಳ್ಳನನ್ನು ನೋಡಿದ ಹಾಗೆ ನೋಡಿದಳು ಎಂದು ಹೇಳುವಾಗ ಅವರ ಗಂಟಲು ಕಟ್ಟಿತ್ತು. ಆ ತಾಯಿಯ ಬೆನ್ನಿಗೆ ಒಂದು ಹಳೆಯ ಕಾನೂನಿದೆ. 1898ರಲ್ಲಿ ಜರ್ಮನಿಯ ಮಾಜಿ ಚಾನ್ಸಲರ್ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಫೋಟೋಗ್ರಾಫರುಗಳು ಅವರ ಮನೆಗೆ ಕದ್ದು ನುಗ್ಗಿ ಶವದ ಚಿತ್ರ ತೆಗೆದರು. ದೇಶವೇ ಅಸಹ್ಯಪಟ್ಟಿತು. ಆ ಪ್ರಕರಣದ ಬಿಸಿಯಲ್ಲೇ ತನ್ನ ಚಿತ್ರದ ಮೇಲೆ ತನಗೇ ಹಕ್ಕು, ಒಪ್ಪಿಗೆಯಿಲ್ಲದೆ ಅದನ್ನು ಹಂಚುವಂತಿಲ್ಲ ಎಂಬ ನಿಯಮ 1907ರಲ್ಲಿ ಕಾನೂನಾಯಿತು. ಇದನ್ನು ಆ ತಾತನಿಗೆ ವಿವರಿಸಿದೆ. ಅವರು ಒಪ್ಪಿದರು, ಆದರೆ ನೋವು ಹೋಗಲಿಲ್ಲ. ಹೋಗಬೇಕೆಂದೂ ನಾನು ಒತ್ತಾಯಿಸಲಿಲ್ಲ. ಮಗುವನ್ನು ಕಂಡರೆ ಮುದ್ದಿಸುವ ಮನಸ್ಸಿನಲ್ಲಿ ತಪ್ಪೇನಿದೆ?

ಇಷ್ಟರಿಂದ ಜರ್ಮನ್ನರು ಯಾವಾಗಲೂ ಮುಖಕ್ಕೆ ಹೊಡೆದಂತೆ ಮಾತಾಡುವವರು ಎಂದುಕೊಂಡರೆ ಪೂರ್ತಿ ಸರಿಯಾಗುವುದಿಲ್ಲ. ಅವರಲ್ಲಿಯೂ ಬಹಳ ನಯವಾದ, ಒಳಗೊಂದು ಹೊರಗೊಂದು ಇರುವ ಕಾಗದಗಳಿವೆ. ಕೆಲಸ ಬಿಡುವಾಗ ಕೊಡುವ ಸೇವಾ ಪ್ರಮಾಣಪತ್ರ ಅಂಥದ್ದು. ನೌಕರನ ಮುಂದಿನ ದಾರಿಗೆ ಅಡ್ಡಿಯಾಗದಂತೆ ಅದರ ಮಾತು ಹಿತವಾಗಿರಬೇಕೆಂದು ನ್ಯಾಯಾಲಯಗಳು ಹೇಳಿವೆ. ಹಾಗಾಗಿ ಕಂಪನಿಗಳು ಒಂದು ಗುಟ್ಟಿನ ಶೈಲಿಯನ್ನೇ ಬೆಳೆಸಿಕೊಂಡಿವೆ. 'ಸದಾ ನಮ್ಮ ಪೂರ್ಣಾತಿಪೂರ್ಣ ತೃಪ್ತಿಗೆ ತಕ್ಕಂತೆ ಕೆಲಸ ಮಾಡಿದರು' ಎಂದರೆ ಮೊದಲ ದರ್ಜೆ. ಬರೀ 'ನಮ್ಮ ತೃಪ್ತಿಗೆ ತಕ್ಕಂತೆ' ಎಂದಿದ್ದರೆ ಕಷ್ಟಪಟ್ಟು ಪಾಸು. 'ಸದಾ ಪ್ರಯತ್ನಿಸುತ್ತಿದ್ದರು' ಎಂದು ಬರೆದಿದ್ದರೆ ಆ ಮನುಷ್ಯನಿಂದ ಏನೂ ಆಗಲಿಲ್ಲ ಎಂದರ್ಥ. ನಮ್ಮ ಎಂಜಿನಿಯರುಗಳು ಇಂಥ ಪತ್ರ ತಂದು, ಎಷ್ಟು ಒಳ್ಳೆಯ ಮಾತು ಬರೆದಿದ್ದಾರೆ ನೋಡಿ ಎಂದು ತೋರಿಸುತ್ತಾರೆ. ಓದಿ ಅರ್ಥ ಹೇಳುವಾಗ ನನಗೆ ಸಂಕಟವಾಗುತ್ತದೆ.

ಮನೆ ಹುಡುಕುವಾಗಲೂ ಬರುವುದು ನಯದ ಕಾಗದವೇ. 'ನಿಮ್ಮ ಆಸಕ್ತಿಗೆ ಧನ್ಯವಾದ, ಮನೆ ಈಗಾಗಲೇ ಬೇರೆಯವರಿಗೆ ಹೋಗಿದೆ, ನಿಮಗೆ ಶುಭವಾಗಲಿ.' 2017ರಲ್ಲಿ ಬವೇರಿಯಾದ ಬಾನುಲಿ ಸಂಸ್ಥೆ ಮತ್ತು ಸ್ಪೀಗಲ್ ಪತ್ರಿಕೆಯ ವರದಿಗಾರರು ಹತ್ತು ದೊಡ್ಡ ನಗರಗಳಲ್ಲಿ ಬಾಡಿಗೆ ಮನೆಗಳಿಗೆ ಸುಮಾರು 20 ಸಾವಿರ ವಿಚಾರಣೆ ಕಳಿಸಿ ನೋಡಿದರು. ಪತ್ರದ ಒಕ್ಕಣೆ ಸಮಾನ, ಹೆಸರು ಮಾತ್ರ ಬೇರೆ ಬೇರೆ. ಜರ್ಮನ್ ಹೆಸರಿಗೆ ಬಂದಷ್ಟು ಕರೆ ತುರ್ಕಿ, ಅರಬ್ಬಿ ಹೆಸರುಗಳಿಗೆ ಬರಲಿಲ್ಲ. ಬೈಗುಳವಿಲ್ಲ, ಗದರಿಕೆಯಿಲ್ಲ, ಆದರೆ ಬಾಗಿಲು ಮುಚ್ಚಿದೆ. ಮೆಟ್ಟಿಲ ಮೂಲೆಯ ಧೂಳಿಗೆ ಗದರಿದ ಆ ಹೆಂಗಸಿಗಿಂತ ಈ ನಯದ ಪತ್ರಕ್ಕೆ ನಾನು ಹೆಚ್ಚು ಹೆದರುತ್ತೇನೆ. ಗದರಿದವರಿಗೆ ಉತ್ತರ ಕೊಡಬಹುದು.

ಬಹಿರಂಗವಾದ ದ್ವೇಷವೂ ಇಲ್ಲದಿಲ್ಲ. 2000ದಲ್ಲಿ ಜರ್ಮನ್ ಸರ್ಕಾರ ಹೊರಗಿನ ಕಂಪ್ಯೂಟರ್ ತಜ್ಞರಿಗೆ ಗ್ರೀನ್ ಕಾರ್ಡ್ ಕೊಡಲು ಹೊರಟಾಗ, ಭಾರತೀಯರನ್ನು ಕರೆಸುವ ಬದಲು ನಮ್ಮ ಮಕ್ಕಳನ್ನು ಓದಿಸೋಣ ಎಂಬ ಅರ್ಥದ ಪ್ರಾಸದ ಘೋಷಣೆ ಒಂದು ರಾಜ್ಯದ ಚುನಾವಣೆಯಲ್ಲಿ ಮೊಳಗಿತು. 2007ರ ಆಗಸ್ಟ್‌ನಲ್ಲಿ ಸಾಕ್ಸನಿಯ ಮ್ಯೂಗೆಲ್ನ್ ಎಂಬ ಸಣ್ಣ ಊರಿನ ಹಬ್ಬದಲ್ಲಿ ಎಂಟು ಜನ ಭಾರತೀಯರನ್ನು ಗುಂಪೊಂದು ಬೀದಿಯಲ್ಲಿ ಅಟ್ಟಿಸಿಕೊಂಡು ಹೋಯಿತು. ಅವರು ಒಂದು ಪಿಜ್ಜಾ ಅಂಗಡಿಯೊಳಗೆ ಸೇರಿಕೊಂಡು ಜೀವ ಉಳಿಸಿಕೊಂಡರು. ಇಂಥದ್ದಕ್ಕೆ 'ಅವರ ಸಂಸ್ಕೃತಿ ಹಾಗೆ, ನೇರ ಮಾತಿನ ಜನ' ಎಂಬ ಸಮಾಧಾನ ಹೇಳಕೂಡದು. ಅಲ್ಲಿ ನೆಲೆಸಿದ ನಮ್ಮವರೇ ಕೆಲವರು ಹೊಸಬರಿಗೆ ಆ ಸಮಾಧಾನ ಹೇಳುವುದನ್ನು ಕೇಳಿದ್ದೇನೆ. ಅದು ನನಗೆ ಬಹಳ ನೋವಿನ ಸಂಗತಿ. ಎಲ್ಲರಿಗೂ ಬೀಳುವ ಗದರಿಕೆಯನ್ನು ಅವಮಾನವೆಂದು ಎಣಿಸಿ ಕೊರಗುವುದು ಬೇಡ ಎನ್ನುವ ಬಾಯಿಂದಲೇ, ನಮ್ಮೊಬ್ಬರಿಗೇ ಮೀಸಲಾದ ತಾತ್ಸಾರವನ್ನು ನುಂಗಬೇಡಿ ಎಂದೂ ಹೇಳಬೇಕಾಗುತ್ತದೆ.

ಅದಕ್ಕೆ ದಾರಿಗಳೂ ಇವೆ. ಜನಾಂಗ, ಬಣ್ಣ, ಧರ್ಮದ ಹೆಸರಿನಲ್ಲಿ ಕೆಲಸದಲ್ಲಿ, ಅಂಗಡಿಯಲ್ಲಿ, ಬಾಡಿಗೆ ಮನೆಯಲ್ಲಿ ಭೇದ ಮಾಡುವುದನ್ನು ತಡೆಯುವ ಕಾನೂನು 2006ರಲ್ಲಿ ಬಂದಿದೆ. ಕೇಂದ್ರ ಸರ್ಕಾರದ ಭೇದನಿವಾರಣಾ ಕಚೇರಿ ಉಚಿತವಾಗಿ ಸಲಹೆ ಕೊಡುತ್ತದೆ. ಸರ್ಕಾರಿ ಕಚೇರಿಗಳ ನಡವಳಿಕೆಗೆ ಈ ಕಾನೂನು ಸಾಲದೆಂದು ಬರ್ಲಿನ್ ರಾಜ್ಯ 2020ರಲ್ಲಿ ತನ್ನದೇ ಕಾನೂನು ಮಾಡಿತು. ದೂರು ಕೇಳಲು ಒಂದು ಪ್ರತ್ಯೇಕ ಕಚೇರಿಯನ್ನೂ ತೆರೆಯಿತು.

ನನ್ನ ಬಳಿ ಕಲಿತು ಬರ್ಲಿನ್ನಿಗೆ ಹೋದ ಧಾರವಾಡದ ಹುಡುಗಿಯೊಬ್ಬಳು ಅಲ್ಲಿನ ಒಂದು ಕಚೇರಿಯ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದಿನವನಿಗೆ ಕಿಟಕಿಯ ಆಚೆಯ ಗುಮಾಸ್ತ ಬಹುವಚನದಲ್ಲೇ, ಬಿರುಸಾಗಿ, ಈ ಕಾಗದ ಸಾಲದು, ಇನ್ನೊಂದು ದಿನ ಬನ್ನಿ ಎಂದು ಗದರಿದ. ಇವಳ ಸರದಿ ಬಂದಾಗ ದನಿ ಅಷ್ಟೇ ಬಿರುಸು, ಆದರೆ ಮಾತು ಏಕವಚನಕ್ಕೆ ಇಳಿಯಿತು. ನೀನು, ನಿನ್ನ ಕಾಗದ, ನಿಮ್ಮಂಥವರೆಲ್ಲ ಹೀಗೆಯೇ. ನೀನು ನೀವುಗಳ ವ್ಯತ್ಯಾಸವನ್ನು ಹುಟ್ಟಿದಾಗಿನಿಂದ ಕೇಳಿ ಬೆಳೆದ ಕಿವಿ ಅದು, ತಕ್ಷಣ ಹಿಡಿಯಿತು. ಅವಳು ಅಳಲಿಲ್ಲ. ಕಿಟಕಿಯ ನಂಬರು, ದಿನ, ಗಂಟೆ, ಅವನು ಆಡಿದ ಮಾತುಗಳನ್ನು ಹಾಗೆ ಹಾಗೆಯೇ ಅಲ್ಲೇ ನಿಂತು ಬರೆದುಕೊಂಡಳು. ಹಿಂದಿದ್ದ ವಯಸ್ಸಾದ ಜರ್ಮನ್ ಒಬ್ಬರ ಕಡೆ ತಿರುಗಿ, "ಇವರು ಹೇಳಿದ್ದು ನಿಮಗೆ ಕೇಳಿಸಿತೇ?" ಎಂದಳು. ಅವರು ನಗಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. "ಕೇಳಿಸಿತು" ಎಂದು ಅವಳ ಪುಸ್ತಕವನ್ನು ಇಸಿದುಕೊಂಡು ತಮ್ಮ ಹೆಸರು, ವಿಳಾಸ, ಫೋನ್ ನಂಬರು ಬರೆದು ಕೊಟ್ಟರು. "ಕಾಗದ ಸಾಲದು ಅಂದದ್ದು ಮಾತ್ರ ಸರಿ, ಅದನ್ನು ತರಬೇಕಾಗುತ್ತದೆ" ಎಂದೂ ಸೇರಿಸಿದರು. ಅವಳು ಎರಡನ್ನೂ ಮಾಡಿದಳು. ಬೇಕಿದ್ದ ಕಾಗದವನ್ನು ತಂದು ಕೊಟ್ಟಳು, ದೂರನ್ನೂ ಕೊಟ್ಟಳು. ಸ್ವಲ್ಪ ಕಾಲದ ಮೇಲೆ ಆ ಕಚೇರಿಯ ಮೇಲಧಿಕಾರಿ ಅವಳನ್ನು ಕರೆಸಿ, ನಡೆದದ್ದು ತಪ್ಪು ಎಂದು ಒಪ್ಪಿಕೊಂಡರು. ಆಡಿದ್ದು ಒಂದೇ ವಾಕ್ಯ, ಅದೂ ಬಹುವಚನದಲ್ಲಿ ಎಂದು ಅವಳು ಫೋನಿನಲ್ಲಿ ನನಗೆ ಹೇಳಿದಳು.